ಇಪ್ಪತ್ತಾರು ಜೊತೆ ಮುಗಿದ ಕೈಗಳು

ಬೆಟಗೇರಿ, ೨೧೬೮ನೆಯ ಇಸವಿ, ಫೆಬ್ರವರಿ ೩೦

‘ಕಿವಿಗೊಡು ಬಳಗ’ದ ಸಮಸ್ತ ಸದಸ್ಯರಿಗೆ ಗುರುಪಾದ ಜಾಲಿಹಾಳನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಬೇರೆ ತಿಂಗಳುಗಳಿಂದ ಕಿತ್ತು ಕೊಟ್ಟಿದ್ದು. ಆಗಸ್ಟ್ ಮೂವತ್ತೊಂದರಂದು ಹುಟ್ಟಿದವರು ಇನ್ನೂ ಮುನಿಸಿಕೊಂಡಿದ್ದಾರೆ. ನನ್ನ ಮಾತೂ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಾಡು ಹಂಚಿಕೊಳ್ಳುವ ನಿಮ್ಮ ಈ ಫೋನಿನ ಬಳಗದಲ್ಲಿ ನೀವು ಬರೆದುಕೊಂಡ ಸಂದೇಶಗಳನ್ನು ಓದಿ. ಹಾಗಾಗಿ ಎಲ್ಲಾದರೂ ‘ಸೂಪರ್’ ಎಂಬುದು ತಪ್ಪು ಜಾಗದಲ್ಲಿ ಬಿದ್ದಿದ್ದರೆ ತಪ್ಪು ಅರ್ಧ ನಿಮ್ಮದೇ.

ನಾನು ಓದಿ ದೊಡ್ಡವನಾದವನಲ್ಲ. ಮೊದಲು ನೆರಳುಬೀದಿಯ ಗಾಡಿಗಳಲ್ಲಿ ನಿಲ್ದಾಣಗಳ ಹೆಸರು ಕೂಗುತ್ತಿದ್ದೆ. (ಮಧ್ಯಾಹ್ನದ ಬಿಸಿಲಿಗೆ ಊರಿನ ಬೀದಿಗಳಿಗೆಲ್ಲ ಬಟ್ಟೆಯ ಮಾಡು ಎಳೆದಿರುತ್ತೇವೆ, ಅವೇ ನೆರಳುಬೀದಿ. ಬೆಟಗೇರಿಯ ಮಗ್ಗಗಳು ಈಗ ಹೆಚ್ಚಾಗಿ ಆ ಬಟ್ಟೆಯನ್ನೇ ನೇಯುತ್ತವೆ.) ಬಾಯಿಂದಲೇ ಬದುಕಿ, ಬಾಯಿಂದಲೇ ಮೇಲೆ ಬಂದು, ಹತ್ತೊಂಬತ್ತು ವರ್ಷಗಳಿಂದ ಇಲ್ಲಿಯ ಕೇಳ್ಮನೆ ನಡೆಸುತ್ತಿದ್ದೇನೆ. ಕೇಳ್ಮನೆಯೆಂದರೆ ಕಳೆದುಹೋದ ಹಾಡುಗಳನ್ನು ಮತ್ತೆ ಕಟ್ಟಿ ಕೇಳಿಸುವ ಜಾಗ. ಜನ ತಮ್ಮ ತಮ್ಮ ದಿಂಬು ತಂದುಕೊಂಡು ಬರುತ್ತಾರೆ. ತಿನ್ನಲು ಗಿರ್ಮಿಟ್ ನಮ್ಮದು.

ಹಾಡು ಕಳೆದುಹೋದದ್ದು ಹೇಗೆ ಎಂದು ಕೇಳುತ್ತೀರಿ. ನೀವು ಒಬ್ಬರಿಗೊಬ್ಬರು ಕಳಿಸಿದ ಹಾಡಿನ ಕೊಂಡಿಗಳು ಒಂದೂ ಬದುಕಿಲ್ಲ. ದನಿ ಭಾರ, ಅಕ್ಷರ ಹಗುರ. ಉಳಿಸುವ ಪ್ರಸಂಗ ಬಂದಾಗ ಹಿರಿಯರು ಹಗುರವಾದದ್ದನ್ನು ಹೊತ್ತುಕೊಂಡು ಭಾರವಾದದ್ದನ್ನು ಬಿಟ್ಟು ನಡೆದರು. ನಮಗೆ ಸಿಕ್ಕಿದ್ದು ಹಾಡುಗಳ ಕೆಳಗೆ ನೀವು ಬರೆದ ವಿಮರ್ಶೆಗಳು ಮಾತ್ರ. ಅವನ್ನೇ ಗಟ್ಟಿಯಾಗಿ ಓದಿ, ಒಬ್ಬರು ಹಾರ್ಮೋನಿಯಂ, ಒಬ್ಬರು ತಬಲಾ ಹಿಡಿದು, ಒಂದೊಂದು ಸಾಲನ್ನೂ ಹುಡುಕುತ್ತೇವೆ. ಎರಡು ವಿಮರ್ಶೆಗಳಿಗೆ ತಾಳೆ ಬೀಳದಿದ್ದರೆ ಎರಡು ಥರವೂ ನುಡಿಸಿ, ಕೂತವರ ಕೈ ಎತ್ತಿಸುತ್ತೇವೆ. ಹೀಗೆ ಎದ್ದು ನಿಂತದ್ದಕ್ಕೆ ಕಟ್ಟುಹಾಡು ಎಂದು ಹೆಸರು.

ನಿಮ್ಮ ಬಳಗದ ಮಟ್ಟಿಗೆ ನನ್ನ ಲೆಕ್ಕ ಹೀಗಿದೆ. ನೀವು ಹಂಚಿಕೊಂಡ ಹಾಡುಗಳು ಎರಡು ಸಾವಿರದ ಮುನ್ನೂರ ಹದಿನಾರು. ಅದರಲ್ಲಿ ಚಳ್ಳಕೆರೆಯ ತಿಪ್ಪೇಶಿಯವರು ತಮಟೆ ಜಾಸ್ತಿಯಾಯಿತು ಎಂದು ಗೊಣಗಿದ್ದು ಮುನ್ನೂರ ಹನ್ನೆರಡು ಕಡೆ. ತಿಪ್ಪೇಶಣ್ಣ, ನಿಮ್ಮ ಜೊತೆಯವರು ನಿಮಗೆ ಎಷ್ಟು ಬೈದರೋ ನಾವು ಅಷ್ಟು ನೆನೆಯುತ್ತೇವೆ. ತಮಟೆ ಎಲ್ಲಿ ಬರುತ್ತದೆಂದು ನಮಗೆ ಗೊತ್ತಾದದ್ದೇ ನಿಮ್ಮ ಗೊಣಗಾಟದಿಂದ. ಆ ಮದುವೆ ಬ್ಯಾಂಡಿನ ಹಾಡಿಗೆ ಹನ್ನೊಂದು ದಿನ ಜಗಳ ನಡೆಯಿತಲ್ಲ, “ತಮಟೆ ಹಾಡೋ ಅಮ್ಮನ್ನೇ ತುಳ್ದಾಕೈತೆ” ಎಂದು ನೀವು ಬರೆದಿರಿ, ಬಳಗ ನಡೆಸುವ ಗೋಕಾಕದ ನಫೀಸಾ ಮುಲ್ಲಾ ಅವರು “ತಿಪ್ಪೇಶಣ್ಣ, ನಿಮ್ಮ ಕಿವಿಗೆ ತಮಟಿ ಬಿಟ್ರ ಬ್ಯಾರೆ ಏನೂ ಬೀಳಂಗಿಲ್ಲೇನ್ರಿ? ಎರಡನೇ ಸಾಲಿನ್ಯಾಗ ಕ್ಲಾರಿನೆಟ್ ನೆಗಡಿ ಬಂದವರಂಗ ಮೂಗು ಏರಿಸ್ತೈತಿ, ಅದನ್ನ ಕೇಳ್ರಿ” ಎಂದು ತಿರುಗಿಸಿ ಕೊಟ್ಟರು. ಆ ಹಾಡು ನಮ್ಮಲ್ಲಿ ಈಗ ಪ್ರತಿ ನಾಮಕರಣದಲ್ಲೂ ನಡೆಯುತ್ತದೆ, ಮೂಗು ಏರಿಸುವ ಕ್ಲಾರಿನೆಟ್ ಸಮೇತ. ನುಡಿಸುವವರು ಅದಕ್ಕಾಗಿ ಆರು ತಿಂಗಳು ಅಭ್ಯಾಸ ಮಾಡುತ್ತಾರೆ.

ಒಟ್ಟಿನಲ್ಲಿ ನಿಮ್ಮ ಸಾಧಾರಣ ಹಾಡುಗಳೆಲ್ಲ ನಮ್ಮಲ್ಲಿ ಚೆನ್ನಾಗಿವೆ. ಇಲ್ಲದಿರುವುದು ನಲವತ್ತೊಂದು, ಮತ್ತು ಅವು ನಿಮ್ಮ ಪೈಕಿ ಅತ್ಯುತ್ತಮವಾದವು. ಕಾರಣ ನೀವು ಮಾಡಿಕೊಂಡ ಒಂದು ನಿಯಮ. ಹಾಡು ತೀರಾ ಚೆನ್ನಾಗಿದ್ದರೆ ಅದಕ್ಕೆ ಮಾತು ಹಚ್ಚಬಾರದು, ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಿರಬೇಕು. ನೀವು ಅದನ್ನು ದೊಡ್ಡ ಮರ್ಯಾದೆ ಅಂದುಕೊಂಡಿರಿ. ಮರ್ಯಾದೆ ಹೌದು. ಆದರೆ ಮುಗಿದ ಕೈಗಳನ್ನು ಓದಿ ಹಾಡು ಕಟ್ಟುವ ವಿದ್ಯೆ ನಮಗೆ ಇನ್ನೂ ಸಿದ್ಧಿಸಿಲ್ಲ.

ನಲವತ್ತೊಂದರಲ್ಲಿ ಒಂದು ಬೆಟಗೇರಿಯ ಕಸ್ತೂರಿ ಹೂಲಿಯವರು ಹಾಕಿದ್ದು. ತಾಯಿ ಗಂಗವ್ವ ಮಗ್ಗದ ಲಾಳಿಗೆ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಾ ಹಾಡಿಕೊಳ್ಳುತ್ತಿದ್ದುದನ್ನು ಮಗಳು ಫೋನಿನಲ್ಲಿ ಹಿಡಿದಿದ್ದರು. “ನಮ್ಮವ್ವ ಹಾಡಿದ್ದು. ಮೂರು ನಿಮಿಷ ಐತಿ. ಹೆಂಗನಿಸ್ತು ಹೇಳ್ರಿ” ಎಂದು ಕೇಳಿದರು. ಕೆಳಗೆ ಇಪ್ಪತ್ತಾರು ಜೊತೆ ಮುಗಿದ ಕೈಗಳು. ತಿಪ್ಪೇಶಣ್ಣನವೂ ಇವೆ. ಮರುದಿನ ಕಸ್ತೂರಿಯವರು ಮತ್ತೆ ಬರೆದರು: “ಯಾರರ ಏನರ ಬರೀರಿ.” ಅದಕ್ಕೆ ನಫೀಸಾ ಅವರ ಉತ್ತರ: “ಕಸ್ತೂರಿ ಅಕ್ಕ, ಇದಕ್ಕ ಮಾತಿಲ್ರಿ. ನಮ್ಮ ಬಳಗದಾಗ ಇದಕಿಂತ ದೊಡ್ಡ ಮರ್ಯಾದಿ ಯಾರಿಗೂ ಸಿಕ್ಕಿಲ್ಲ.” ಆಮೇಲೆ ಕಸ್ತೂರಿಯವರು ಬಳಗದಲ್ಲಿ ಏನನ್ನೂ ಹಾಕಿದ್ದು ನನಗೆ ಸಿಕ್ಕಿಲ್ಲ.

ಈಗ ನನ್ನ ಕಷ್ಟ ಹೇಳುತ್ತೇನೆ. ಕಸ್ತೂರಿಯವರ ಮರಿಮಗಳು ನೀಲಾಂಬಿಕೆ ನಮ್ಮ ಓಣಿಯಲ್ಲೇ ಇದ್ದಾರೆ. ವಯಸ್ಸು ತೊಂಬತ್ತೇಳು. ವಾರಕ್ಕೊಮ್ಮೆ ದಿಂಬು ಹಿಡಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಗಿರ್ಮಿಟ್‌ಗೆ ಖಾರ ಸಾಲದೆಂದು ಹೇಳುತ್ತಾರೆ, ಆ ಹಾಡು ಕಟ್ಟಿಕೊಡು ಎಂದು ಕೇಳುತ್ತಾರೆ. ಅವರಿಗೆ ಗೊತ್ತಿರುವುದು ಇಷ್ಟೇ: “ನಮ್ಮವ್ವ ಹೇಳಾಕಿ, ಆ ಹಾಡು ನಡುವ ಒಂದ್ ಕಡೆ ನಿಂತು ಬಿಡತಿತ್ತಂತ. ಯಾಕ ನಿಲ್ಲತಿತ್ತು ಅಂತ ಕೇಳೂದ್ರೊಳಗ ಆಕಿನೂ ಹೋದ್ಲು.” ಒಂದು ದಿನ ತುಂಬಿದ ಸಭೆಯಲ್ಲಿ, ಬಾಯಿ ಸುಮ್ಮನಿರದೆ, ಕಟ್ಟಿಕೊಡುತ್ತೇನೆ ಅಜ್ಜಿ ಎಂದು ಮಾತು ಕೊಟ್ಟುಬಿಟ್ಟೆ. ಆಧಾರವಿಲ್ಲ. ಅಲ್ಲಿಂದ ಇಲ್ಲಿಂದ ಸಾಲು ತಂದು ಜೋಡಿಸಿದೆ, ನಡುವೆ ನೂಲಿನ ಎಳೆ ಹರಿದ ಸದ್ದು ಇಟ್ಟು ಹಾಡು ನಿಲ್ಲಿಸಿದೆ. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ನೀಲಾಂಬಿಕೆ ದಿಂಬು ಎತ್ತಿಕೊಂಡು ಎದ್ದರು. “ಛಲೋ ಐತಿ ತಮ್ಮಾ. ಆದರ ಇದರ ತುಂಬ ನಿನ್ನ ಬಾಯೇ ಐತಿ. ನಮ್ಮವರು ಯಾರೂ ಇಲ್ಲ ಇದ್ರಾಗ.” ನನ್ನ ಹತ್ತೊಂಬತ್ತು ವರ್ಷದ ಹೆಸರಿಗೆ ಅಂದು ಬಿದ್ದ ಪೆಟ್ಟು ಇರಲಿ. ಮುಂದಿನ ವಾರವೂ ಅವರು ಬಂದರು, ಮುಂದಿನ ಸಾಲಿನಲ್ಲೇ ಕೂತರು. ಈ ಬಾರಿ ಆ ಹಾಡು ಬೇಕೆನ್ನಲಿಲ್ಲ. ಅದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ನಮ್ಮಲ್ಲಿ ಹಿಂದಂಚೆ ಎಂಬುದಿದೆ. ಕಳೆದ ಕಾಲಕ್ಕೆ ಅಕ್ಷರ ಮಾತ್ರ ಒಯ್ಯುತ್ತದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಹೆಚ್ಚಿನವರು ತೀರಿಕೊಂಡ ತಂದೆತಾಯಿಗೆ ಬರೆಯುತ್ತಾರೆ. “ಅಪ್ಪಗ ಬರಿಯೂದು ಬಿಟ್ಟು ಗುರ್ತಿಲ್ಲದ ಮಂದಿಗೆ ಬರಿಯಾಕ ಕುಂತೀರಲ್ರಿ” ಎಂದು ಮನೆಯವಳು ಈಗಲೂ ಒಳಗಿನಿಂದ ಅನ್ನುತ್ತಿದ್ದಾಳೆ. ಅಪ್ಪನಿಗೆ ನಾನು ಹೇಳಬೇಕಾದದ್ದನ್ನೆಲ್ಲ ಅವನು ಬದುಕಿದ್ದಾಗಲೇ, ಅವನು ಬೇಡವೆಂದರೂ, ಹೇಳಿ ಮುಗಿಸಿದ್ದೇನೆ.

ಈ ಕಾಗದ ಕಸ್ತೂರಿಯವರ ಹಾಡು ಬಂದ ಮೂರನೆಯ ದಿನ ನಿಮ್ಮ ಬಳಗಕ್ಕೆ ತಲುಪುತ್ತದೆ. ಕೊಂಡಿ ಇನ್ನೂ ಜೀವಂತವಾಗಿರುತ್ತದೆ. ಮತ್ತೊಮ್ಮೆ ಕೇಳಿ, ಮುಗಿದ ಕೈ ತೆಗೆದು ಆ ಜಾಗದಲ್ಲಿ ಕೇಳಿಸಿದ್ದನ್ನು ಬರೆಯಿರಿ. ಚೆಂದವಾಗಿ ಬೇಡ. ದನಿ ಒಡಕಾಗಿತ್ತೇ, ರಾಟೆ ಕಿರುಗುಟ್ಟುತ್ತಿತ್ತೇ, ಎಲ್ಲಿ ನಿಂತಿತು, ನಿಂತಾಗ ಏನು ಕೇಳಿಸಿತು. ಕಸ್ತೂರಿಯವರೇ ಬರೆಯಬಹುದಲ್ಲ ಎನ್ನಬೇಡಿ. ಅವರಿಗದು ಹುಟ್ಟಿದಾಗಿನಿಂದ ಕೇಳಿದ ಸದ್ದು. ಬೇರೆಯವರ ಕಿವಿಗೆ ಅದು ಹೇಗೆ ಬೀಳುತ್ತದೆಂದು ತಿಳಿಯಲೆಂದೇ ನಿಮ್ಮ ಬಳಿ ಬಂದಿದ್ದರು. ಎರಡು ಸಲ ಕೇಳಿದರು.

ತಿಪ್ಪೇಶಣ್ಣ, ನೀವೇ ಶುರು ಮಾಡಿ. ತಮಟೆಯೇ ಇಲ್ಲದ ಆ ಮೂರು ನಿಮಿಷದಲ್ಲಿ ನಿಮಗೆ ಏನು ಕೇಳಿಸಿತು?

ಇದನ್ನು ಅಂಚೆಗೆ ಹಾಕಿ ನೇರ ಕೇಳ್ಮನೆಗೆ ಹೋಗುತ್ತೇನೆ. ಇಂದು ನೀಲಾಂಬಿಕೆ ಬರುವ ದಿನ. ಅವರು ದಿಂಬು ಹಾಸಿ ಕೂರುವ ಮೊದಲು ನಿಮ್ಮ ಕಡತ ತೆರೆದು ಆ ಹಾಡಿನ ಕೆಳಗೆ ಎಣಿಸುತ್ತೇನೆ. ಈ ಗಳಿಗೆಗೆ ಅಲ್ಲಿ ಇಪ್ಪತ್ತಾರು ಜೊತೆ ಕೈಗಳಿವೆ. ಇಪ್ಪತ್ತೈದಾಗಿದ್ದರೆ ಸಾಕು.

ಇಂತಿ,
ಗುರುಪಾದ ಜಾಲಿಹಾಳ
ಕೇಳ್ಮನೆ, ಬೆಟಗೇರಿ