ದಾನವ್ವನ ಗಂಡನ ಹೆಲ್ಮೆಟ್

ಸವಣೂರು
೧೪ ನವೆಂಬರ್ ೨೦೨೪

ಮುಂಬೈದಾಗ ಕುಂತು ನನ್ನ ಫೋನ್ ಎತ್ತದ ಯಜಮಾನರಿಗೆ ಶಾಹೀನಳ ಸಲಾಮು.

ಇಲ್ಲಿ ಎಲ್ಲಾ ಆರಾಮ ಅಂತ ಬರದ್ರ ಸುಳ್ಳಾಗತೈತಿ. ಬಂಕಾಪುರದ ಗುತ್ತೆಪ್ಪನ ಅವ್ವ ದಾನವ್ವ ಹಾಸಿಗಿ ಹಿಡದಾಳ. ಡಾಕ್ಟರು ಕೈ ಚೆಲ್ಯಾರ. ಆಕಿ ಕೇಳೂದು ಒಂದ, ನಾ ಸತ್ರ ನನ್ನ ಗಂಡನ ಹೆಲ್ಮೆಟ್ ನನ್ನ ಜೋಡಿ ಕುಣಿಯೊಳಗ ಇಡ್ರಿ ಅಂತ. ಎಪ್ಪತ್ತೊಂದರ ಲಡಾಯಿಯೊಳಗ ಆ ಮನಷ್ಯಾನ ಹೆಣಾನೂ ಮನಿಗೆ ಬರಲಿಲ್ಲ. ಬಂದದ್ದು ಆ ಹೆಲ್ಮೆಟ್ ಒಂದ.

ಗುತ್ತೆಪ್ಪ ಅದನ್ನ ನಿಮ್ಮ ಹಳೇ ಸಾಮಾನಿನ ಅಂಗಡಿಗೆ ತಂದದ್ದು ಮಾರಾಕಲ್ಲ, ಯಾವ ಕಾಲದ್ದು ಅಂತ ಕೇಳಾಕ. ಹಳೇ ಮಿಲಿಟರಿ ಹೆಲ್ಮೆಟ್ ನೋಡಿ ಇಂಥಾ ವರ್ಷದ್ದು ಅಂತ ಹೇಳೂದ್ರಾಗ ನಿಮ್ಮಷ್ಟು ಶಾಣ್ಯಾ ಯಾರೂ ಇಲ್ಲ ಅಂತ ನಂಬಿ ಬಂದಿದ್ದ. ನೀವು ಭೂತಗನ್ನಡಿ ಹಿಡದು ಉಕ್ಕಿನ ಅಂಚಿಗೆ ಒತ್ತಿದ ಇಸ್ವಿ ಠಸ್ಸೆ ಓದಿದ್ರಿ, ಒಳಗಿನ ಅಸ್ತರ ನೋಡಿದ್ರಿ, ಗದ್ದದ ಬೆಲ್ಟಿನ ಬಕಲ್ ನೋಡಿದ್ರಿ. ಮೂರೂ ಬ್ರಿಟಿಷರ ಕಾಲದ ನಲವತ್ತೆರಡನೇ ಇಸ್ವಿದು, ಎಪ್ಪತ್ತೊಂದರಾಗೂ ನಮ್ಮ ಸೈನಿಕರು ಇವನ್ನ ಹಾಕ್ಕೊಂತಿದ್ರು ಅಂದ್ರಿ. ಒಂದು ಭಾಗಾನೂ ಬದಲಿ ಆಗದ ಇಂಥಾದ್ದು ಸಿಗೂದು ಅಪರೂಪ ಅಂತನೂ ಅಂದ್ರಿ. ಆಗ ನಿಮ್ಮ ಕಣ್ಣು ಹೆಂಗ ಅರಳಿದ್ವು ಅಂತ ನಾ ನೋಡೇನಿ. ಆ ಅಸಲಿ ಹೆಲ್ಮೆಟ್ ಮುಂಬೈ ಗಿರಾಕಿಗೆ ಹೋತು. ಗುತ್ತೆಪ್ಪಗ ಡಬ್ಬಿಯೊಳಗಿನ ಬ್ಯಾರೆ ಬ್ಯಾರೆ ಹೆಲ್ಮೆಟ್ಟಿನ ತುಣುಕು ಕೂಡಿಸಿ, ಇದ ನಿಮ್ಮದು ಅಂತ ಇನ್ನೊಂದು ಕೊಟ್ರಿ. ನಾಚಿಕಿ ಬರಲಿಲ್ಲೇನ್ರಿ ನಿಮಗ? ಅದರ ಅಸ್ತರ ಹೊಲದಾಕಿ ನಾನು. ಹಳೇದು ಕಾಣ್ಲಿ ಅಂತ ಚಹಾದಾಗ ಕುದಿಸಿದಾಕಿನೂ ನಾನ. ಯಾವನೋ ಗಿರಾಕಿಗೆ ಇರಬೇಕು ಅಂತ ತಿಳದಿದ್ದೆ.

ನಿನ್ನೆ ದಾನವ್ವನ್ನ ನೋಡಾಕ ಹೋಗಿದ್ದೆ. ಹೆಲ್ಮೆಟ್ ಎದಿಗೆ ಅವಚ್ಕೊಂಡು ಮಲಗಿದ್ಲು. ಒಳಗಿನ ಹೊಲಿಗಿ ನಂದ ಅಂತ ನೋಡಿದ ಕೂಡ್ಲೆ ಗುರ್ತು ಹತ್ತಿತು. ಮೂಗಿಗೆ ಹಿಡದು, ಇಷ್ಟ ವರ್ಷ ಇದರಾಗ ಅವರ ಬೆವರಿನ ವಾಸನಿ ಇತ್ತು, ಈಗ ಚಹಾ ವಾಸನಿ ಯಾಕ ಬರ್ತೈತವಾ ಅಂತ ಕೇಳಿದ್ಲು. ಗುತ್ತೆಪ್ಪ ಚೆಲ್ಲಿರಬೇಕು ಬಿಡು ಅಂದೆ. ನನ್ನ ಬಾಯಾಗ ಹುಳ ಬೀಳ್ಲಿ!

ಆ ಗಿರಾಕಿ ಕೈಕಾಲು ಹಿಡೀರಿ, ಬೇಕಾದ್ರ ನನ್ನ ಬಂಗಾರ ಮಾರ್ರಿ, ಅದನ್ನ ತಗೊಂಡ ಬರ್ರಿ. ಆಕಿ ಕಣ್ಣು ಮುಚ್ಚೂದ್ರಾಗ ಬರ್ರಿ. ನಿಮ್ಮ ಮ್ಯಾಲೆ ನನಗ ಇನ್ನೂ ಜೀವ ಐತ್ರಿ, ಅದಕ್ಕ ಇಷ್ಟು ಬೈಯಾಕತ್ತೇನಿ.

ನಿಮ್ಮ ದಾರಿ ಕಾಯಾಕತ್ತಿರೂ
ಶಾಹೀನ

ತಾ.ಕ.: ಇದನ್ನ ಟಪಾಲಿಗೆ ಹಾಕೂ ಮೊದಲ ಮನಸ್ಸು ತಡೀಲಿಲ್ಲ. ಮತ್ತ ಬಂಕಾಪುರಕ್ಕ ಹೋಗಿ ದಾನವ್ವಗ ಎಲ್ಲಾ ಹೇಳಿಬಿಟ್ಟೆ. ಆಕಿ ಬೈಲಿಲ್ಲ. ಹೆಲ್ಮೆಟ್ ನನ್ನ ಉಡ್ಯಾಗ ಇಟ್ಟು, ಇದೂ ಯಾವಾಕಿ ಗಂಡಂದೋ ಇರಬೇಕು, ಆಕಿನೂ ನನ್ಹಂಗ ಕಾಯಾಕತ್ತಿರತಾಳ, ಹುಡುಕಿ ಆಕೀಗೆ ಮುಟ್ಟಿಸವಾ ಅಂದ್ಲು. ಮರುದಿನ ತೀರ್ಕೊಂಡ್ಲು. ಬರಿಗೈಲೆ ಮಣ್ಣಿಗೆ ಹೋದ್ಲು. ಈಗ ಅದು ನಮ್ಮ ಅಡಗಿ ಮನ್ಯಾಗ ಐತಿ. ಉಕ್ಕು ಒಬ್ಬಂದು, ಬೆಲ್ಟು ಇನ್ನೊಬ್ಬಂದು. ಠಸ್ಸೆ ಓದಾಕ ನಿಮಗ ಬರ್ತೈತಲ್ಲ, ಯಾರ ಮನೀಗೆ ಒಯ್ಲಿ ಅಂತ ಓದಿ ಹೇಳ್ರಿ.