ಸೀರೆಗೆ ಇನ್ನೂ ಕಾನೂನು ಮಾಡಿಲ್ಲ

ಅಲ್ ನಹ್ದಾ, ದುಬೈ
೨೮ ಆಗಸ್ಟ್ ೨೦೧೬, ಭಾನುವಾರ

ಮುದ್ದು ಮಗಳು ಆಮಿರಾಗೆ ನಿನ್ನ ಅಮ್ಮಿಯ ಸಲಾಂ.

ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇವೆ ಎಂದು ಕಾಗದ ಶುರು ಮಾಡಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ನಾನು ಕ್ಷೇಮವಾಗಿಲ್ಲ. ಹೋದ ವಾರ ನಿನ್ನ ಗಂಡ ನಬೀಲ್ ಫೋನ್ ಮಾಡಿದಂದಿನಿಂದ ಅಡುಗೆಮನೆಗೂ ಬಾಲ್ಕನಿಗೂ ತಿರುಗಾಡಿ ಕಾಲು ನೋಯುತ್ತಿದೆ. ಟಿವಿ ಹಾಕುತ್ತೇನೆ, ಆರಿಸುತ್ತೇನೆ, ಮತ್ತೆ ಹಾಕುತ್ತೇನೆ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿದ್ದು, ನಿನ್ನ ಅಬ್ಬಾ ಮೊಸರು ಕಲಸಿಕೊಂಡು ಉಂಡರು.

ಇದನ್ನೆಲ್ಲ ಫೋನಿನಲ್ಲೇ ಹೇಳಬಾರದಿತ್ತೇ ಅನ್ನುತ್ತೀ. ಇಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ಸಾದಾ ಕಾಲಿಗೆ ನಿಮಿಷ ಎಣಿಸಬೇಕು. ಮೆಸೇಜಿನಲ್ಲಿ ‘ಆ ವಿಷಯ’ ಬರೆಯಬೇಡಿ ಎಂದು ನಬೀಲನ ಅಪ್ಪಣೆ. ಲಾರಿ, ಪೊಲೀಸ್, ಮಸೀದಿ ಎಂಬ ಪದ ಕಂಡರೆ ಎಲ್ಲೋ ಕುಳಿತ ಯಾರೋ ಓದುತ್ತಾರಂತೆ. ಓದಲಿ. ನನ್ನ ಬಂಗುಡೆ ಸಾರಿನ ಮೆಸೇಜುಗಳನ್ನೂ ಓದಲಿ, ಪುಣ್ಯಾತ್ಮರಿಗೆ ಹಸಿವಾದೀತು. ಅಂತೂ ಕಾಗದವೇ ಸರಿ ಅನ್ನಿಸಿತು. ಎದುರುಮನೆ ಸಿಸಿಲಿಯಾ ಆಂಟಿಯ ಮಗ ಜೋಸ್ವಿನ್‌ಗೆ ಗುರುವಾರ ನಿಮ್ಮ ದೇಶದ ಲಿಯೋನ್‌ ವಿಮಾನದಲ್ಲಿ ಡ್ಯೂಟಿ ಇದೆ, ಇಳಿದು ಅಲ್ಲೇ ಅಂಚೆಗೆ ಹಾಕುತ್ತಾನೆ. ನೀನು ಏಳನೆಯ ಕ್ಲಾಸಿನವರೆಗೆ ಭಟ್ಕಳದಲ್ಲಿ ಅಜ್ಜಿಯ ಬಳಿ ಇದ್ದು ಕನ್ನಡ ಶಾಲೆಗೆ ಹೋದದ್ದು ಈಗ ಉಪಯೋಗಕ್ಕೆ ಬಂತು. ನಬೀಲ್ ನಮ್ಮ ಕಣ್ಣೆದುರೇ ಈ ಬಿಲ್ಡಿಂಗಿನಲ್ಲಿ ಬೆಳೆದ ಹುಡುಗ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ಒಳ್ಳೆಯದೇ ಆಯಿತು.

ವಿಷಯಕ್ಕೆ ಬರುತ್ತೇನೆ. ಅಕ್ಟೋಬರಿನಲ್ಲಿ ನಿನಗೆ ದಿನ ತುಂಬುತ್ತದೆ. ಚೊಚ್ಚಲ ಬಾಣಂತನ ತಾಯಿಯದೇ, ಅದರಲ್ಲಿ ಎರಡು ಮಾತಿಲ್ಲ. ವೀಸಾ ಬಂತು, ಟಿಕೆಟ್ ಆಯಿತು, ಮೆಂತೆ, ಓಮ, ಒಣಶುಂಠಿ ಕುಟ್ಟಿ ಡಬ್ಬಿಗೆ ತುಂಬಿದ್ದೂ ಆಯಿತು. ಅಷ್ಟರಲ್ಲಿ ನಬೀಲ್ ಫೋನ್ ಮಾಡಿ, ಇಲ್ಲಿ ತುರ್ತು ಪರಿಸ್ಥಿತಿ ಇನ್ನೂ ಮುಗಿದಿಲ್ಲ, ಅಮ್ಮಿ ಬರುವುದು ಬೇಡ, ಬರುವುದೇ ಆದರೆ ಮೈಮೇಲಿನ ಕರಿ ಅಬಾಯ, ತಲೆಯ ಸ್ಕಾರ್ಫ್ ದುಬೈಯಲ್ಲೇ ಬಿಟ್ಟು ಬರಲಿ ಎಂದ. ಮರುದಿನ ನಿನ್ನ ವಾಯ್ಸ್ ಮೆಸೇಜ್.

“ಅಮ್ಮಿ, ಈ ಸಲ ಬೇಡ. ನಾನು ಹೇಗೋ ಸುಧಾರಿಸಿಕೊಳ್ತೇನೆ.”

ಹೇಗೋ ಅಂತೆ. ಹಸುಗೂಸಿಗೆ ನೀರೆರೆಯುವುದನ್ನು ಯೂಟ್ಯೂಬ್ ನೋಡಿ ಕಲಿಯುತ್ತೀಯಾ? ಬಿಸಿನೀರು, ಗಂಜಿ, ಹೊಟ್ಟೆ ಕಟ್ಟುವುದು, ಎಲ್ಲ ನಬೀಲ್ ಮಾಡುತ್ತಾನಾ? ಅವನಿಗೆ ಚಹಾ ಉಕ್ಕದಂತೆ ನೋಡಿಕೊಳ್ಳಲು ಬಂದರೆ ಹೆಚ್ಚು. ಸಿಟ್ಟು ಬಂತು ನನಗೆ. ಸಿಟ್ಟು ಇಳಿದ ಮೇಲೆ ಅಳು ಬಂತು.

ನಾನು ಏನೂ ತಿಳಿಯದವಳಲ್ಲ ಮಗಳೇ. ಜುಲೈಯಲ್ಲಿ ನಿಮ್ಮ ದೇಶದ ನೀಸ್ ಊರಿನಲ್ಲಿ, ಪಟಾಕಿ ನೋಡಲು ಬಂದವರ ಮೇಲೆ ಆ ಪಾಪಿ ಲಾರಿ ನುಗ್ಗಿಸಿದಾಗ ನಾನೂ ಸಿಸಿಲಿಯಾ ಆಂಟಿಯೂ ಒಂದೇ ಸೋಫಾದಲ್ಲಿ ಕುಳಿತು ಅತ್ತಿದ್ದೇವೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ನನಗೆ ಏನಂದರೂ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಆದರೆ ಅಧಿಕಾರದಲ್ಲಿ ಕುಳಿತವರು ಎದ್ದು ಮಾಡಿದ್ದೇನು? ಹೆಂಗಸರು ಮೈಮುಚ್ಚಿಕೊಂಡು ಸಮುದ್ರಕ್ಕಿಳಿಯುವ ಬಟ್ಟೆಗೆ ದಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೊನ್ನೆ ಕೋರ್ಟು ಅದು ಸರಿಯಲ್ಲ ಅಂದಿತು. ಆದರೂ ಕೆಲವು ಮೇಯರ್‌ಗಳು ಬಿಡುವುದಿಲ್ಲ ಎಂದು ಕೂತಿದ್ದಾರೆ. ನನ್ನ ಸ್ಕಾರ್ಫ್ ಲಾರಿ ಓಡಿಸಿತೇ?

ಮಮ್ಝಾರ್ ಬೀಚಿನಲ್ಲಿ ಹೆಂಗಸರ ದಿನ ನಾನು ಉದ್ದ ತೋಳಿನ ಆ ಈಜುಡುಪಿನಲ್ಲಿ, ಸಿಸಿಲಿಯಾ ಆಂಟಿ ಹಳೇ ಚೂಡಿದಾರದಲ್ಲಿ ನೀರಿಗಿಳಿಯುವುದು ನಿನಗೆ ಗೊತ್ತು. ಅವಳ ಮೈಯೂ ನನ್ನಷ್ಟೇ ಮುಚ್ಚಿರುತ್ತದೆ, ಕುತ್ತಿಗೆಯಲ್ಲಿ ಒಂದು ಶಿಲುಬೆ ಹೆಚ್ಚು. ನಮ್ಮಿಬ್ಬರಲ್ಲಿ ನಿಮ್ಮಲ್ಲಿಯ ಪೊಲೀಸರು ಯಾರಿಗೆ ದಂಡದ ಚೀಟಿ ಹರಿಯಬಹುದು ಎಂದು ಕೇಳಿ ಅವಳೇ ನಕ್ಕಳು. ನನಗೆ ನಗು ಬರಲಿಲ್ಲ.

ಸತ್ಯ ಹೇಳಬೇಕೆಂದರೆ ನಾನು ಮದುವೆಯಾಗಿ ಇಲ್ಲಿಗೆ ಬಂದದ್ದು ಸೀರೆಯಲ್ಲಿ. ಬಿಲ್ಡಿಂಗಿನಲ್ಲಿ ಎಲ್ಲರೂ ಅಬಾಯ ಹಾಕುತ್ತಿದ್ದರು, ನಾನೂ ಹಾಕಿದೆ. ರಜೆಗೆ ಊರಿಗೆ ಹೋದಾಗ ನಿನ್ನ ಅಜ್ಜಿ, ಇದೆಂಥ ಅರಬರ ವೇಷ ಎಂದು ಮೂಗು ಮುರಿದಿದ್ದರು. ಈಗ ಅದಿಲ್ಲದೆ ಕಸದ ಚೀಲ ಹಾಕಲೂ ಹೊರಗೆ ಹೋಗಲಾರೆ. ಯಾರೂ ಹೊಡೆದು ಹಾಕಿಸಿದ್ದಲ್ಲ. ಹೆದರಿಸಿ ತೆಗೆಸುತ್ತೇವೆ ಅಂದರೆ ಮಾತ್ರ ಮೈ ಉರಿಯುತ್ತದೆ.

ಅಬ್ಬಾನದು ಬೇರೆಯೇ ಸಂಕಟ. ಅಮೆರಿಕದಲ್ಲಿ ಇಲ್ಲಿಯವರೊಬ್ಬರನ್ನು ಉಗ್ರನೆಂದು ತಿಳಿದು ಪೊಲೀಸರು ನೆಲಕ್ಕೆ ಕೆಡವಿದ ಮೇಲೆ, ಹೊರದೇಶದಲ್ಲಿ ನಮ್ಮ ಉಡುಪು ಹಾಕಬೇಡಿ ಎಂದು ಇಲ್ಲಿಯ ಸರಕಾರವೇ ತನ್ನ ಜನರಿಗೆ ಹೇಳಿತಲ್ಲ? ನೈಫಿನ ನಮ್ಮ ಬಟ್ಟೆ ಅಂಗಡಿಗೆ ಹಳೆಯ ಗಿರಾಕಿ ಒಬ್ಬರು ಬಂದಿದ್ದರಂತೆ, ಇಲ್ಲಿಯ ಅರಬರೇ, ಕಣ್ಣಿನ ಚಿಕಿತ್ಸೆಗೆ ಜರ್ಮನಿಗೆ ಹೊರಟ ಮುದುಕರು. ಜೀವಮಾನದಲ್ಲಿ ಕಾಲಿನವರೆಗಿನ ಬಿಳಿ ಕಂದೂರ ಬಿಟ್ಟು ಬೇರೆ ಹಾಕದವರು, ಒಳ್ಳೆಯ ಪ್ಯಾಂಟು ಶರಟು ಎಲ್ಲಿ ಸಿಗುತ್ತದೆ ಎಂದು ನಾಚಿಕೊಂಡು ಕೇಳಿದರಂತೆ. ಅಬ್ಬಾ ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲು ಹೇಳಿದರು: “ಅಂಥವರಿಗೇ ಹೀಗಾದ್ರೆ ಭಟ್ಕಳದವ್ರಿಗೆ ಎಂಥ ಮರ್ಯಾದೆ ಸಿಗ್ತದೆ? ಟಿಕೆಟ್ ಖಲಾಸ್.” ಮಲ್ಲಿಗೆಗೆ ಹೆಸರಾದ ಊರು ನಮ್ಮದು. ಈಗ ಕೌಂಟರುಗಳಲ್ಲಿ ಊರ ಹೆಸರು ಹೇಳುವಾಗ ನಾನೂ ದನಿ ತಗ್ಗಿಸುತ್ತೇನೆ.

ಬಾಲ್ಕನಿಯಲ್ಲಿ ನಿಂತು ಶಾರ್ಜಾ ಕಡೆಯ ಟ್ರಾಫಿಕ್ ನೋಡುತ್ತಿದ್ದಾಗ ನಿನ್ನ ಅಜ್ಜಿಯೇ ನೆನಪಾದರು. ಸೀರೆಯ ಸೆರಗನ್ನು ತಲೆತುಂಬ ಹೊದ್ದು, ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಸ್ಸು ಹತ್ತಿ ಮಂಗಳೂರಿಗೆ ಹೋಗಿಬರುತ್ತಿದ್ದರು. ಅವರ ನಮಾಜಿಗೂ ಕೊರತೆಯಾಗಲಿಲ್ಲ, ಮರ್ಯಾದೆಗೂ ಕೊರತೆಯಾಗಲಿಲ್ಲ.

ಬೆಳಗಾಗುತ್ತಲೇ ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಹಿಡಿದು ಎದುರುಮನೆ ಬಾಗಿಲು ತಟ್ಟಿದೆ. ನನ್ನ ರವಿಕೆ ತೋಳಿಗೇ ನಿಂತಿತು, ಸಿಸಿಲಿಯಾ ಆಂಟಿಯದು ಹಾಕಿದೆ. ನೆರಿಗೆ ಹಿಡಿಯುವುದೇ ನನಗೆ ಮರೆತುಹೋಗಿದೆ. ಸೆರಗು ತಲೆಯ ಮೇಲೆ ನಿಲ್ಲುವುದಿಲ್ಲ. ನಿನಗೆಂದು ತೆಗೆದಿಟ್ಟ ಗುಂಡುತಲೆಯ ಪಿನ್ನಿನ ಡಬ್ಬಿಗಳು ಡ್ರಾಯರಿನಲ್ಲಿ ಹಾಗೆಯೇ ಇದ್ದವು, ಒಂದನ್ನು ಒಡೆದು ತಂದೆ. ಸಿಕ್ಕಸಿಕ್ಕಲ್ಲಿ ಚುಚ್ಚಿಕೊಳ್ಳುತ್ತಿದ್ದವಳ ಕೈ ಹಿಡಿದು ಅವಳು ಬೈದಳು.

“ಎಂಥ ಮಾರಾಯ್ತಿ, ಏರ್‌ಪೋರ್ಟಲ್ಲಿ ಮಿಷಿನು ಕೂಗ್ಲಿಕ್ಕೆ ಶುರು ಮಾಡಿದ್ರೆ ನಿಲ್ಲುದಿಲ್ಲ ಈಗ. ಎರಡು ಸಾಕು.”

ಪ್ರಯೋಗ ಮಾಡದೆ ವಿಮಾನ ಹತ್ತುವುದು ಹೇಗೆ? ಹಾಗೇ ಕೆಳಗಿಳಿದೆ. ವಾಚ್‌ಮನ್ ಅಲಿಯಬ್ಬ ಎದ್ದು ನಿಂತು, ಯಾರ ಫ್ಲಾಟಿಗೆ ಬಂದದ್ದು ಎಂದು ಹಿಂದಿಯಲ್ಲಿ ವಿಚಾರಿಸಿದ. ಇಷ್ಟು ವರ್ಷ ನನ್ನ ತರಕಾರಿ ಚೀಲ ಹೊತ್ತವನು! ಮೆಟ್ರೋದ ಹೆಂಗಸರ ಡಬ್ಬಿಯಲ್ಲಿ ಕಂಬ ಹಿಡಿದು ನಿಂತರೆ ಕುತ್ತಿಗೆಗೆ ಎಸಿಯ ಗಾಳಿ ಬಡಿದು, ಇಡೀ ಡಬ್ಬಿ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ನಿಜವಾಗಿ ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ಅವರವರ ಫೋನು ನೋಡುತ್ತಿದ್ದರು.

ಅಂಗಡಿಯಲ್ಲಿ ಅಬ್ಬಾ ಕರಿ ಬಟ್ಟೆ ಅಳೆಯುತ್ತಿದ್ದರು. ತಲೆಯೆತ್ತಿ ಕತ್ತರಿ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. “ನಮ್ಮ ಅಮ್ಮನ ಹಾಗೇ ಕಾಣ್ತೀಯಲ್ಲ,” ಅಂದರು. ಕಣ್ಣು ತುಂಬಿತ್ತು ಅವರದು. ಸೀರೆಗೆ ಆ ದೇಶದವರು ಇನ್ನೂ ಕಾನೂನು ಮಾಡಿಲ್ಲ ತಾನೇ ಎಂದು ನಾನು ಕೇಳಿದೆ. ಅವರು ಚಹಾ ತರಿಸಿದರು, ಆಮೇಲೆ ಕಿಟಕಿ ಸೀಟು ಬೇಕಾ ಎಂದು ವಿಚಾರಿಸಿದರು. ಟಿಕೆಟ್ ಉಳಿಯಿತು ಎಂದು ನಾನು ತಿಳಿದುಕೊಂಡೆ.

ಹಾಗೆಂದು ನೆಮ್ಮದಿಯಾಗಿದ್ದೇನೆ ಎಂದು ತಿಳಿಯಬೇಡ. ಇದು ಜಾಣತನವೋ ಹೇಡಿತನವೋ ನನಗೇ ಗೊತ್ತಿಲ್ಲ. ಒಂದು ಗಳಿಗೆ ಅಬಾಯದಲ್ಲೇ ಬರುತ್ತೇನೆ, ಯಾರೇನು ಮಾಡುತ್ತಾರೆ ನೋಡೋಣ ಅನ್ನಿಸುತ್ತದೆ; ಮರುಗಳಿಗೆ ನಿನ್ನ ಹೊಟ್ಟೆ ಕಣ್ಣಮುಂದೆ ಬರುತ್ತದೆ. ನಾವಿಬ್ಬರೂ ಅಲ್ಲಿಯ ರಸ್ತೆಯಲ್ಲಿ ನಡೆಯುವಾಗ ಜನ ನಿನ್ನ ಹೊಟ್ಟೆ ನೋಡಿ ದಾರಿ ಬಿಡಬೇಕು, ನನ್ನನ್ನು ನೋಡಿ ಅಲ್ಲ. ಅದಕ್ಕಾಗಿ ಸೀರೆ ಉಡುತ್ತೇನೆ. ಮೇಯರ್‌ಗಳ ಸಲುವಾಗಿ ಅಲ್ಲ.

ಸೆಪ್ಟೆಂಬರ್ ಕೊನೆಗೆ ಬರುತ್ತೇನೆ. ಬೇಡ ಎಂದು ಮತ್ತೆ ಫೋನ್ ಮಾಡಿಸಬೇಡ. ಶಾಲೆಯ ಕೆಲಸಕ್ಕೆ ರಜೆ ಹಾಕಿದೆಯಾ? ನಿಂತು ಪಾಠ ಮಾಡಬೇಡ, ಕಾಲು ಬಾಯುತ್ತದೆ. ನಬೀಲನಿಗೆ ದೊಡ್ಡದೊಂದು ಹಂಡೆಯಂಥ ಪಾತ್ರೆ ಹುಡುಕಿಡಲು ಹೇಳು, ನೀರು ಕಾಯಿಸಲು.

ಬಂದೇ ಬರುವ,
ನಿನ್ನ ಅಮ್ಮಿ
ಖದೀಜಾ

ತಾ.ಕ.: ಪಿನ್ನಿನ ಮಾತು ಬರೆದ ಮೇಲೆ ಕಾಗದ ಮುಚ್ಚಲು ಮನಸ್ಸಾಗಲಿಲ್ಲ. ಮೊದಲು ಆ ಕಡೆ ಯಾರೇ ಹೊರಟರೂ ನೀನು, ಸ್ಕಾರ್ಫಿನ ಪಿನ್ನು ಕಳಿಸಿ ಅಮ್ಮಿ, ಇಲ್ಲಿಯದು ಬಟ್ಟೆ ಹರಿಯುತ್ತದೆ ಅನ್ನುತ್ತಿದ್ದೆ. ಹೋದ ಚಳಿಗಾಲ ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆಯೂ ಕೇಳಿಲ್ಲ. ಕಳಿಸುವ ಫೋಟೋಗಳಲ್ಲಿ ಆಗಸ್ಟ್ ಬಿಸಿಲಲ್ಲೂ ಉಲ್ಲನ್ ಟೊಪ್ಪಿ. ನನ್ನನ್ನು ಬೇಡ ಅಂದದ್ದು ಪೊಲೀಸರ ಹೆದರಿಕೆಗಲ್ಲ, ನನ್ನ ಕಣ್ಣಿನ ಹೆದರಿಕೆಗೆ. ನೋವಾಗಿಲ್ಲ ಅಂದರೆ ಸುಳ್ಳಾಗುತ್ತದೆ, ಬಹಳ ನೋವಾಗಿದೆ. ಸ್ಕಾರ್ಫ್ ನೀನಾಗಿ ತೆಗೆದೆಯೋ, ಶಾಲೆಯವರು ತೆಗೆಸಿದರೋ, ಅದೊಂದನ್ನು ಮಗು ಮಲಗಿದ ಮೇಲೆ ಕೇಳುತ್ತೇನೆ. ಅಬ್ಬಾನಿಗೆ ಹೇಳಿಲ್ಲ. ಪಿನ್ನು ತರುವುದಿಲ್ಲ, ಊರಿನ ಕೊಬ್ಬರಿ ಎಣ್ಣೆ ತರುತ್ತೇನೆ. ಬಾಣಂತಿಯ ನೆತ್ತಿಗೆ ಎಣ್ಣೆ ತಟ್ಟುವಾಗ ತಲೆ ಹೇಗೂ ಬರಿದೇ ಇರಬೇಕಲ್ಲ.