ಕಾಮೆಂಟಿನ ಕೆಳಗಿನ ನಂಬರು

ಜೂನ್ 4, ಬೆಳಿಗ್ಗೆ

ಮಹನೀಯರೇ, ಮಹಿಳೆಯರೇ, ಹಿಂದಿನ ಸಾಲಿನಲ್ಲಿ ಸೀಟಿ ಹೊಡೆಯುತ್ತಿರುವ ಪುಂಡರೇ! — ಯಾರೂ ಇಲ್ಲ. ಡೈರಿ. ಇರಲಿ, ನಾಟಕದ ಗಂಟಲಿಗೆ ಅಭ್ಯಾಸ ಬಿಡದು.

ಇಂದಿನ ಕಥೆ ರೆಕಾರ್ಡ್ ಆಯಿತು, ವೆಬ್‌ಸೈಟಿಗೂ ಏರಿತು. ಪಕ್ಕದ ಕೋಣೆಯಲ್ಲಿ ಅಕ್ಕನ ವಯಲಿನ್ ಪಾಠ. ನಡುವೆ ಬಾಗಿಲು ತೆರೆದು ಗದರಿದಳು: "ಲೋ, ಆ ರಾಕ್ಷಸನ್ನ ಬೇಗ ಕೊಂದು ಮುಗಿಸೋ, ಮಕ್ಕಳು ಹೆದರ್ತಿದಾವೆ!" ಕೊಂದೆ.

'ಅಪರಿಚಿತೆ' ಎಂಬ ಹೆಸರಿನಲ್ಲಿ ಒಂದು ಕಾಮೆಂಟ್: "ಸ್ವಲ್ಪ ನಿಧಾನವಾಗಿ ಹೇಳಿ. ನನಗೆ ಕಿವಿ ಮಂದವಾಗುತ್ತಿದೆ. ಮನೆಯಲ್ಲಿ ಹೇಳಿಲ್ಲ. ಹೊರಗೆ ಗೊತ್ತಾದರೆ ಕೆಲಸ ಹೋಗುತ್ತದೆ." ಉತ್ತರಿಸಿದೆ: "ತಾಯೀ, ನಿಮಗಾಗಿ ಆಮೆಯಾಗುತ್ತೇನೆ!"

ಜೂನ್ 5

ಕಾಮೆಂಟುಗಳ ಕೆಳಗೆ ಪುಟಾಣಿ ನಂಬರು ಇರುತ್ತದಲ್ಲ — ಇವತ್ತು ಕನ್ನಡಕ ಹಾಕಿ ನೋಡಿದೆ. ಅಪರಿಚಿತೆಯದೂ ನನ್ನದೂ ಒಂದೇ! ತಂಗಿಯ ಮಗಳಿಗೆ ಫೋನ್. ಸೈಟ್ ಕಟ್ಟಿಕೊಟ್ಟವಳು ಅವಳೇ.

"ಮಾವ, ಫೋನು ದೂರ ಹಿಡ್ಕೊಂಡು ಮಾತಾಡಿ, ಕಿವಿ ತೂತಾಗತ್ತೆ. ಅದು ಐಪಿ ಅಡ್ರೆಸ್. ಇಂಟರ್ನೆಟ್ಟಲ್ಲಿ ನಿಮ್ಮನೆ ವೈಫೈಗೆ ಸಿಕ್ಕಿರೋ ನಂಬರ್."

"ಅದನ್ನ ಹಿಡ್ಕೊಂಡು ಮನೆ ತನಕ ಬರಬಹುದೇನೇ?"

"ಯಾವ ಊರು ಅಂತ ಅಂದಾಜು ಸಿಗತ್ತೆ. ಬಾಗಿಲು ಸಿಗಲ್ಲ."

"ಇಬ್ಬರಿಗೆ ಒಂದೇ ನಂಬರ್ ಇದ್ರೆ?"

"ಹೆಚ್ಚುಕಮ್ಮಿ ಒಂದೇ ಮನೆ ಅಂತ."

ಈ ಮನೆಯ ವೈಫೈ ಬಳಸುವವರು ಇಬ್ಬರು. ನಾನು. ಅಕ್ಕ.

ಸಿಡಿಲು ಹೊಡೆಯಿತು. ತೆರೆಯ ಹಿಂದೆ ತಗಡು ಬಡಿಯುವ ಸಿಡಿಲಲ್ಲ.

ಜೂನ್ 5, ಸಂಜೆ

ವಯಲಿನ್ ಟೀಚರಿಗೆ ಕಿವಿ ಕೇಳಿಸದು ಎಂದರೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಆ ಮಕ್ಕಳ ಅಪ್ಪ-ಅಮ್ಮಂದಿರೇ ನನ್ನ ಕೇಳುಗರು. ನನ್ನ ಹೆಸರಿನ ಕೆಳಗೂ ಅದೇ ನಂಬರು, ಅಪರಿಚಿತೆಯ ಕೆಳಗೂ ಅದೇ. ಒಬ್ಬರು ತಾಳೆ ನೋಡಿದರೆ ಸಾಕು... ಮತ್ತೆ ಫೋನ್.

"ಆ ನಂಬರ್ ಯಾರಿಗೂ ಕಾಣಬಾರದು. ಈಗಲೇ!"

"ಅಯ್ಯೋ! 'ಕೇಳುಗರು ನಿಜವಾದವರು ಅಂತ ಲೋಕಕ್ಕೆ ಸಾಕ್ಷಿ ಬೇಕು, ಏನಾದ್ರೂ ಹಾಕು' ಅಂತ ನನ್ನ ತಲೆ ತಿಂದಿದ್ದು ಯಾರು?"

"ನಾನೇ. ತೆಗಿ."

ತೆಗೆದಳು. ಹಳೆಯವನ್ನೂ ಅಳಿಸು, ನನಗೂ ಕಾಣದಿರಲಿ ಎಂದೆ. ಯಾಕೆ ಎಂದು ಕೇಳಿದಳು. ಕೆಮ್ಮಿದೆ.

ಜೂನ್ 9

ಒಬ್ಬ ಹುಡುಗಿ ಇವತ್ತು ಶುದ್ಧ ಅಪಸ್ವರ ನುಡಿಸಿದಳು. ಅಕ್ಕ "ಶಹಬ್ಬಾಸ್" ಎಂದಳು.

ಅಪರಿಚಿತೆ ಬರೆದಿದ್ದಾಳೆ: "ಈಗ ಪ್ರತಿ ಮಾತೂ ಕೇಳುತ್ತಿದೆ. ವಂದನೆ."

ನನಗೆ ಗೊತ್ತು ಎಂದರೆ ಅಕ್ಕ ಕಾಮೆಂಟೆಂಬ ಆ ಒಂದು ಕಿಟಕಿಯನ್ನೂ ಮುಚ್ಚಿಬಿಡುತ್ತಾಳೆ. ಸುಮ್ಮನಿದ್ದರೆ ಇರುವಷ್ಟು ಕಿವಿಯೂ ಹೋದೀತು. ಇಡೀ ದಿನ ಯೋಚಿಸಿದೆ. ಪಾತ್ರ ಸಿದ್ಧ.

ನಾಳೆ ಬೆಳಿಗ್ಗೆ ಅಕ್ಕ ಏನು ಕೇಳಿದರೂ "ಆಂ? ಏನಂದೆ?" ಎನ್ನುತ್ತೇನೆ. ಬೈಯಲಿ. ಆಮೇಲೆ ಎದುರಿಗೆ ಕೂತು, ಅವಳಿಗೆ ಕೇಳುವ ಹಾಗೆ, ಬಿಡಿಬಿಡಿಯಾಗಿ ಹೇಳುತ್ತೇನೆ: "ಅಕ್ಕಾ, ನನ್ನ ಕಿವಿ ಯಾಕೋ ಸರಿಯಿಲ್ಲ ಕಣೇ. ಡಾಕ್ಟರ ಹತ್ರ ಒಬ್ಬನೇ ಹೋಗಕ್ಕೆ ಭಯ. ನೀನೂ ಬಾ. ಮೊದಲು ನೀನು ತೋರಿಸ್ಕೊಂಡ್ರೆ ನನಗೂ ಧೈರ್ಯ ಬರತ್ತೆ."